ಒಂದೇ ಅಕ್ಷರ, ಎರಡು ಮರಿ

ವಿದ್ಯಾರ್ಥಿಗಳೇ, ಗೋವಾದ ಕನ್ನಡ ಶಾಲೆಗೆ ಬರುವ ನಿಮ್ಮಲ್ಲಿ ಎಷ್ಟೋ ಜನರ ಊರು ಬಾಗಲಕೋಟೆ, ವಿಜಯಪುರ, ಗದಗದ ಕಡೆ. ರಜೆಗೆ ಹೋದಾಗ ದಕ್ಕನಿ ಕುರಿಗಳ ಹಿಂಡು ನೋಡಿರ್ತೀರಿ. ಕಂಬಳಿ ನೇಯುವುದು ಇವುಗಳ ಉಣ್ಣೆಯಿಂದಲೇ. ದಕ್ಕನಿ ಕುರಿ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ ಹಾಕುತ್ತದೆ. ಬಂಗಾಳದ ಸುಂದರಬನದ ಪುಟ್ಟ ಗರೋಲ್ ಕುರಿ ಮಾತ್ರ ಎರಡು, ಕೆಲವೊಮ್ಮೆ ಮೂರು ಮರಿ ಹಾಕುತ್ತದೆ. ಯಾಕೆ?

ಉತ್ತರ ಒಂದು ಗ್ರಾಹಿಯಲ್ಲಿದೆ. ಹಾರ್ಮೋನು ರಕ್ತದಲ್ಲಿ ಮೈಯೆಲ್ಲ ಸುತ್ತಿದರೂ, ಅದನ್ನು ಹಿಡಿಯುವ ಗ್ರಾಹಿ ಇರುವ ಜೀವಕೋಶ ಮಾತ್ರ ಅದರ ಮಾತು ಕೇಳುತ್ತದೆ. ಗ್ರಾಹಿ ಅಂದ್ರೆ ಒಂದು ಪ್ರೋಟೀನು. ನಮ್ಮ ಕುರಿಯ ಗ್ರಾಹಿ ಕೋಶಪೊರೆಯಲ್ಲಿ ನಾಟಿಕೊಂಡಿರುತ್ತದೆ. ಹೊರಭಾಗ ಸಂದೇಶವನ್ನು ಹಿಡಿಯುತ್ತದೆ, ಒಳಭಾಗ ಅದನ್ನು ಕೋಶದೊಳಗೆ ದಾಟಿಸುತ್ತದೆ. (ಇದು ಹಿಡಿಯುವುದು ದೂರದಿಂದ ಬರುವ ಹಾರ್ಮೋನನ್ನಲ್ಲ, ಅಂಡಾಶಯದಲ್ಲೇ ಅಕ್ಕಪಕ್ಕದ ಕೋಶಗಳು ಕಳಿಸುವ ಬೆಳವಣಿಗೆಯ ಸಂದೇಶಗಳನ್ನು. ಕೆಲಸದ ರೀತಿ ಅದೇ.)

ಈ ಗ್ರಾಹಿಯ 249ನೆಯ ಅಮೈನೋ ಆಮ್ಲ ಗ್ಲುಟಮಿನ್. ಡಿಎನ್‌ಎಯಲ್ಲಿ ಅದರ ಸಂಕೇತ ಸಿಎಜಿ. ಗರೋಲ್‌ನಲ್ಲಿ ನಡುವಿನ 'ಎ' ಹೋಗಿ 'ಜಿ' ಬಂದಿದೆ. ಸಿಜಿಜಿ ಅಂದ್ರೆ ಆರ್ಜಿನಿನ್. ಗ್ಲುಟಮಿನ್‌ಗೆ ವಿದ್ಯುದಾವೇಶ ಇಲ್ಲ, ಆರ್ಜಿನಿನ್‌ಗೆ ಧನ ಆವೇಶವಿದೆ. ಬದಲಾದ ಜಾಗ ಇರುವುದು ಒಳಭಾಗದಲ್ಲಿ. ಅಂದರೆ ಸಂದೇಶ ಹಿಡಿಯುವ ಭಾಗ ಮೊದಲಿನಂತೆಯೇ ಇದೆ, ಬದಲಾದದ್ದು ದಾಟಿಸುವ ಭಾಗ. ವಿಜ್ಞಾನಿಗಳು ಇದನ್ನು ಪತ್ತೆ ಮಾಡಿದ್ದು 2001ರಲ್ಲಿ, ಆಸ್ಟ್ರೇಲಿಯಾದ ಬೂರೂಲಾ ಎಂಬ ಕುರಿಗಳಲ್ಲಿ. 1790ರ ದಶಕದಲ್ಲಿ ಬಂಗಾಳದಿಂದ ಹಡಗಿನಲ್ಲಿ ಹೋದ ಕುರಿಗಳಿಂದಲೇ ಅವುಗಳಿಗೆ ಇದು ಬಂತೆಂದು ತಿಳಿಯಲಾಗಿದೆ!

ಪರಿಣಾಮ ಏನು ಗೊತ್ತೇ? ಅಂಡಾಣು ಬೆಳೆಯುವ ಪುಟ್ಟ ಚೀಲಗಳು ಇನ್ನೂ ಚಿಕ್ಕದಿರುವಾಗಲೇ ಬಲಿತು, 'ಅಂಡಾಣು ಬಿಡು' ಎನ್ನುವ ಎಲ್‌ಎಚ್ ಹಾರ್ಮೋನಿಗೆ ಬೇಗ ಸ್ಪಂದಿಸುತ್ತವೆ. ಒಂದರ ಬದಲು ಎರಡು-ಮೂರು ಅಂಡಾಣು ಒಟ್ಟಿಗೆ ಹೊರಬರುತ್ತವೆ. ಉತ್ಪರಿವರ್ತನೆ ಅಂದಕೂಡಲೇ 'ರೋಗ' ಅಂತ ಉತ್ತರ ಬರೆಯುವವರು ಇದನ್ನು ಗಮನಿಸಿ.

ಮಹಾರಾಷ್ಟ್ರದ ಫಲಟಣದಲ್ಲಿರುವ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ ಗರೋಲ್‌ನ ಈ ಗುಣವನ್ನು ದಕ್ಕನಿ ಕುರಿಗೆ ತಂದು 'ನಾರಿ ಸುವರ್ಣ' ತಳಿ ಮಾಡಿತು. ಕುರಿಗಾಹಿಗೆ ಮಾರಲು ಒಂದು ಮರಿ ಹೆಚ್ಚು ಸಿಕ್ಕರೆ ಅದು ಸಣ್ಣ ಮಾತಲ್ಲ. ಹಾಗಂತ ಮರಿ ಹೆಚ್ಚಿದಷ್ಟೂ ಲಾಭ ಅಂತಲ್ಲ. ಬಯಲುಸೀಮೆಯ ಬೇಸಿಗೆಯಲ್ಲಿ ಮೇವಿಲ್ಲದೆ ತಾಯಿಗೆ ಹಾಲು ಸಾಲದಿದ್ದರೆ ಮೂರನೆಯ ಮರಿ ಉಳಿಯುವುದೇ ಕಷ್ಟ. ಗ್ರಾಹಿ ಅಂಡಾಣು ಹೆಚ್ಚಿಸಬಲ್ಲದು, ಮೇವು ಹೆಚ್ಚಿಸಲಾರದು.

ನಿಮಗೊಂದು ಲೆಕ್ಕ: ವಂಶವಾಹಿಯ ಎರಡೂ ಪ್ರತಿಯಲ್ಲಿ ಈ ಬದಲಾವಣೆ ಇರುವ ಟಗರಿಗೂ ಸಾಮಾನ್ಯ ದಕ್ಕನಿ ಕುರಿಗೂ ಹುಟ್ಟಿದ ಮರಿಗಳಲ್ಲಿ ಎಷ್ಟಕ್ಕೆ ಬದಲಾದ ಪ್ರತಿ ಸಿಗುತ್ತದೆ? ಟಗರು ತಾನು ಮರಿ ಹಾಕುವುದಿಲ್ಲವಲ್ಲ, ಆದರೂ ಮೊದಲು ಅದರ ರಕ್ತವನ್ನೇ ಯಾಕೆ ಪರೀಕ್ಷಿಸಬೇಕು?