ಮಾಗಳಿ ಬಳ್ಳಿ ಮತ್ತೆ ಚಿಗುರಲಿ

ಮಾಗಳಿ ಬೇರಿನ ಉಪ್ಪಿನಕಾಯಿ ನಮಗೆಲ್ಲ ಗೊತ್ತು. ಭರಣಿ ಮುಚ್ಚಳ ತೆಗೆದರೆ ಸಾಕು, ಮನೆಯೆಲ್ಲ ಘಮ್ ಅನ್ನುತ್ತೆ. ಕೆಲವರಿಗೆ ಆ ವಾಸನೆ ಆಗದು. ಕೆಲವರಿಗೆ ಅದೇ ಪ್ರಾಣ!

ತುಮಕೂರು, ಕೋಲಾರದ ಕಡೆಯ ಕಲ್ಲುಬೆಟ್ಟಗಳಲ್ಲಿ ಮಾಗಳಿ ಬಳ್ಳಿ ಬೆಳೆಯುತ್ತದೆ. ಇದು ಎಕ್ಕದ ಬಳಗದ್ದು. ಎಲೆ ಕಿತ್ತರೆ ಹಾಲು ಬರುತ್ತದೆ. ಕಾಯಿ ಒಡೆದಾಗ ಬೀಜಗಳು ರೇಷ್ಮೆಯಂಥ ಕೂದಲು ಹೊತ್ತು ಗಾಳಿಯಲ್ಲಿ ಹಾರುತ್ತವೆ.

ಬೇರಿಗೆ ಬೇಡಿಕೆ ಹೆಚ್ಚಿತು. ಬೆಟ್ಟದಲ್ಲಿ ಬುಡಸಮೇತ ಅಗೆದು ತಂದರು. ಬೇರು ಹೋದರೆ ಬಳ್ಳಿಯೂ ಹೋಯ್ತು. ಈಗ ಮಾಗಳಿ ಅಳಿವಿನ ಅಂಚಿಗೆ ಬಂದಿದೆ. ಬೇರು ಮಾರಿ ಬದುಕುವವರಿಗೂ ಕಷ್ಟ.

ನಾವು ಏನು ಮಾಡೋಣ? ಹಿತ್ತಲಲ್ಲಿ ಬೆಳೆಸೋಣ. ಹೊಸ ಬೀಜವನ್ನೇ ಬಿತ್ತೋಣ. ಹಳೆಯ ಬೀಜ ಸರಿಯಾಗಿ ಮೊಳೆಯದು. ಮಣ್ಣು, ಮರಳು, ಗೊಬ್ಬರ ತುಂಬಿದ ಚೀಲದಲ್ಲಿ ಸಸಿ ಮಾಡಿ, ಮಳೆಗಾಲದಲ್ಲಿ ನೆಡೋಣ. ನೀರು ನಿಲ್ಲುವ ಜಾಗ ಬೇಡ. ಬಳ್ಳಿ ಹಬ್ಬಲು ಬೇಲಿಯೋ ಮರವೋ ಇರಲಿ.

ಒಣ ದಿನಗಳಲ್ಲಿ ಎಲೆ ಉದುರುತ್ತದೆ. ಬಳ್ಳಿ ಒಣಕಡ್ಡಿಯ ಹಾಗೆ ಕಾಣುತ್ತದೆ. "ಸತ್ತೇ ಹೋಯ್ತು" ಅಂತ ಕಿತ್ತು ಒಲೆಗೆ ಹಾಕಬಾರದು. ಜೀವ ಬೇರಿನಲ್ಲಿದೆ. ಯುಗಾದಿ ಕಳೆದು ಒಂದೆರಡು ಮಳೆ ಬೀಳಲಿ. ಚಿಗುರು ಬರುತ್ತೆ. ಕಾಯೋಣ.

ಬೇರು ದಪ್ಪವಾಗಲು 2-3 ವರ್ಷ ಬೇಕು. ಆಗಲೂ ಎಲ್ಲವನ್ನೂ ಅಗೆಯುವುದು ಬೇಡ. ಪಕ್ಕದ ಒಂದೆರಡು ಬೇರು ತೆಗೆದು ಮಣ್ಣು ಮುಚ್ಚೋಣ. ಬುಡ ಉಳಿಯಲಿ. ಬುಡ ಉಳಿದರೆ ಮುಂದೆಯೂ ಭರಣಿ ತುಂಬುತ್ತದೆ.

ಓದಿ, ಉತ್ತರ ಬರೆಯಿರಿ:
1. ಒಣಗಿದ ಮಾಗಳಿ ಬಳ್ಳಿಯನ್ನು ಏಕೆ ಕೀಳಬಾರದು?
2. ನಿಮ್ಮ ಊರಿನಲ್ಲಿ ಮೊದಲು ಇದ್ದು ಈಗ ಕಾಣದ ಗಿಡ ಯಾವುದು?