ಪ್ರಿಂಟರ್‌ನ ಮನೆ ನಂಬರು

ಬೇಲೂರಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಚೆನ್ನಕೇಶವನ ಗುಡಿ ನೋಡಲು ಬಂದವರು ಮುಂದಿನಿಂದಲೇ ನಡೆದುಹೋಗುತ್ತಾರೆ. ಒಳಗೆ ಬರುವವರು ಹಗರೆ, ಹಲ್ಮಿಡಿ, ಅರೇಹಳ್ಳಿ ಕಡೆಯವರು. ಮೊದಲೆಲ್ಲ ನಾಲ್ಕು ಮಡಿಕೆಯ ಕಾಗದ ತರುತ್ತಿದ್ದರು, ಈಗ ಮೊಬೈಲ್ ಚಾಚುತ್ತಾರೆ. ಪಹಣಿ, ಮಾರ್ಕ್ಸ್ ಕಾರ್ಡ್, ಆಧಾರ್ ಎಲ್ಲ ಅದರೊಳಗೇ. ಆದರೆ ಕೇಳುವ ಕಡೆ ಇನ್ನೂ ಕಾಗದವನ್ನೇ ಕೇಳುತ್ತಾರೆ.

ಹಾಗಾಗಿ ಗಲ್ಲಾದ ಪಕ್ಕ ಒಂದು ಟ್ಯಾಬ್ ಇಟ್ಟೆ. ಒಳಗಿನ ಲೇಸರ್ ಪ್ರಿಂಟರನ್ನು ತಂತಿಯಿಂದ ರೂಟರ್‌ಗೆ ಸೇರಿಸಿದೆ. ಟ್ಯಾಬ್, ಡಿಟಿಪಿ ಕಂಪ್ಯೂಟರ್, ನನ್ನ ಫೋನ್ ಮೂರಕ್ಕೂ ಅದೊಂದೇ ಪ್ರಿಂಟರ್. ಆರು ತಿಂಗಳು ಹೂವೆತ್ತಿದ ಹಾಗೆ ನಡೆಯಿತು.

ಒಂದು ಮಳೆಗಾಲದ ಮಧ್ಯಾಹ್ನ ಹಲ್ಮಿಡಿ ಕಡೆಯ ಹಿರಿಯರೊಬ್ಬರು ಬೆಳೆ ಸಾಲಕ್ಕೆ ಪಹಣಿ ಬೇಕೆಂದು ಬಂದರು. ಅದೇ ಹೊತ್ತಿಗೆ ಕರೆಂಟ್ ಹೋಗಿ ಬಂತು. ಟ್ಯಾಬ್‌ನಲ್ಲಿ ಪ್ರಿಂಟ್ ಒತ್ತಿದರೆ ‘ಪ್ರಿಂಟರ್ ಸಿಗುತ್ತಿಲ್ಲ’. ಪ್ರಿಂಟರ್ ಕಣ್ಣೆದುರೇ ಹಸಿರು ದೀಪ ಹಚ್ಚಿಕೊಂಡು ಕೂತಿದೆ! ಆರಿಸಿ ಹಚ್ಚಿದೆ, ಕೇಬಲ್ ಕಿತ್ತು ಚುಚ್ಚಿದೆ, ಟೋನರ್ ಕೂಡ ತೆಗೆದು ಅಲ್ಲಾಡಿಸಿದೆ. “ಬ್ಯಾಂಕ್ ಬಾಗ್ಲು ಹಾಕ್ಬಿಡ್ತಾರೆ ಕಣವ್ವಾ” ಎಂದು ಅವರು ಎರಡು ಸಲ ಹೇಳಿದರು. ಮೂರನೆಯ ಸಲ ಹೇಳಲಿಲ್ಲ, ಕೊಡೆ ಎತ್ತಿಕೊಂಡು ಹೋದರು. ಅವರಿಗೆ ಒಂದು ದಿನದ ಕೆಲಸವೂ ಹೋಯಿತು, ಬಸ್ ಚಾರ್ಜೂ ಹೋಯಿತು.

ರಾತ್ರಿ ಕೂತು ನೋಡಿದಾಗ ಗೊತ್ತಾಯಿತು, ಪ್ರಿಂಟರ್ ಕೆಟ್ಟಿರಲಿಲ್ಲ, ಮನೆ ಬದಲಿಸಿತ್ತು. ವಿಳಾಸ ಹಂಚುವುದು ರೂಟರ್. ಅದೂ ಶಾಶ್ವತವಾಗಿ ಅಲ್ಲ, ಬಾಡಿಗೆಗೆ ಕೊಟ್ಟ ಹಾಗೆ. ನಾನು ಟ್ಯಾಬ್‌ಗೆ ಹೇಳಿಕೊಟ್ಟಿದ್ದ ವಿಳಾಸ 192.168.1.7. ಕರೆಂಟ್ ಬಂದ ಮೇಲೆ ಪ್ರಿಂಟರ್‌ಗಿಂತ ಮೊದಲು ಎದ್ದ ಯಾವುದೋ ಫೋನ್ ಆ 7ರಲ್ಲಿ ಕೂತಿತ್ತು, ಪ್ರಿಂಟರ್‌ಗೆ 12 ಸಿಕ್ಕಿತ್ತು. ಟ್ಯಾಬ್ ಪಾಪ ಹಳೇ ಮನೆಯ ಬಾಗಿಲನ್ನೇ ತಟ್ಟುತ್ತಿತ್ತು. ರೂಟರ್‌ನ ಸೆಟ್ಟಿಂಗ್‌ನಲ್ಲಿ ಒಂದು ನಂಬರನ್ನು ಈ ಪ್ರಿಂಟರ್‌ಗೇ ಕಾದಿರಿಸಿದೆ. ಐದು ನಿಮಿಷದ ಕೆಲಸ. ಆ ನಂಬರನ್ನು ಚೀಟಿಯಲ್ಲಿ ಬರೆದು ಪ್ರಿಂಟರ್‌ನ ಬೆನ್ನಿಗೆ ಅಂಟಿಸಿದ್ದೇನೆ.

ಹಳೇಬೀಡಿನಲ್ಲಿ ತಮ್ಮನ ಅಂಗಡಿಯ ಕಥೆ ಚಿಕ್ಕದು. ಗಿರಾಕಿಗಳಿಗೆಂದು ಬೇರೆ ಗೆಸ್ಟ್ ವೈಫೈ ಮಾಡಿಟ್ಟಿದ್ದ. ಮರೆತು ತನ್ನ ಫೋನನ್ನೂ ಅದಕ್ಕೇ ಹಚ್ಚಿಕೊಂಡಿದ್ದ, ಫೋನ್‌ಗೆ ಪ್ರಿಂಟರ್ ಕಾಣಲೇ ಇಲ್ಲ. ಗೆಸ್ಟ್ ವೈಫೈ ಇಂಟರ್ನೆಟ್ ಕೊಡುತ್ತದೆ, ಒಳಗಿನ ಯಂತ್ರಗಳ ಕಡೆಗೆ ಬಿಡುವುದಿಲ್ಲ. ಅದು ಸರಿಯಾದ ವ್ಯವಸ್ಥೆಯೇ. ಬೀದಿಯವರಿಗೆಲ್ಲ ಪ್ರಿಂಟರ್ ಕಾಣಬಾರದು.

ಅರಸೀಕೆರೆಯ ಗೆಳತಿಯ ತೊಂದರೆ ಬೇರೆ. ಅವಳ ಪ್ರಿಂಟರ್ ಯುಎಸ್‌ಬಿ ತಂತಿಯಲ್ಲಿ ಕಂಪ್ಯೂಟರ್‌ಗೆ ಕಟ್ಟಿಕೊಂಡದ್ದು. ಕಂಪ್ಯೂಟರ್‌ನಿಂದ ಕಂಪ್ಯೂಟರ್‌ಗೆ ಶೇರ್ ಆಗುತ್ತಿತ್ತು, ಫೋನ್‌ಗೆ ಮಾತ್ರ ಕಾಣುತ್ತಿರಲಿಲ್ಲ. ಕಡಿಮೆ ಬೆಲೆಯ ಅನೇಕ ಪ್ರಿಂಟರ್‌ಗಳಿಗೆ ಪುಟವನ್ನು ಚುಕ್ಕೆ ಚುಕ್ಕೆಯಾಗಿ ಬಿಡಿಸಿಕೊಡಬೇಕಾದ್ದು ಕಂಪ್ಯೂಟರ್‌ನ ಡ್ರೈವರ್. ಆಂಡ್ರಾಯ್ಡ್‌ನಲ್ಲಿ ಪ್ರಿಂಟ್ ಸೌಲಭ್ಯ 2013ರ 4.4ನೇ ಆವೃತ್ತಿಯಿಂದಲೇ ಇದೆ ನಿಜ, ಆದರೆ ಫೋನಿನ ಮಾತು ಪ್ರಿಂಟರ್‌ಗೂ ತಿಳಿಯಬೇಕಲ್ಲ. ಅದಕ್ಕೇ ಹೊಸದು ಕೊಳ್ಳುವವರಿಗೆ ನಾನು ಹೇಳುವುದು, ಫೋನಿನಿಂದ ನೇರ ಅಚ್ಚಾಗುವುದಕ್ಕೆ ಗುರುತಾಗಿ ಮೋಪ್ರಿಯಾ ಅಥವಾ ಏರ್‌ಪ್ರಿಂಟ್ ಎಂದು ಡಬ್ಬದ ಮೇಲೆ ಇದೆಯಾ ನೋಡಿ.

ಅವಳೇ ಒಮ್ಮೆ ಒಂದು ಅರ್ಜಿಯನ್ನು ವರ್ಡ್ ಫೈಲ್‌ನಲ್ಲಿ ಕಳಿಸಿದಳು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು. ಟ್ಯಾಬ್‌ನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ನುಡಿಯ ಹಳೆಯ ಫಾಂಟ್‌ಗಳಲ್ಲಿ ಕನ್ನಡದ ತುಂಡುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಫಾಂಟ್ ಇಲ್ಲದ ಕಡೆ ಅಡಿಯಲ್ಲಿರುವುದೇ ಕಾಣುತ್ತದೆ. ಟೈಪ್ ಮಾಡಿದ ಕಂಪ್ಯೂಟರ್‌ನಲ್ಲೇ ಪಿಡಿಎಫ್ ಮಾಡಿಬಿಟ್ಟರೆ ಫಾಂಟೂ ಜೊತೆಗೇ ಬರುತ್ತದೆ. ಕನ್ನಡದ ಅತಿ ಹಳೆಯ ಶಾಸನಗಳಲ್ಲೊಂದು, ಸುಮಾರು ಕ್ರಿ.ಶ. 450ರದ್ದು, ಸಿಕ್ಕಿದ್ದು ನಮ್ಮ ತಾಲೂಕಿನ ಹಲ್ಮಿಡಿಯಲ್ಲಿ. ಆ ಊರಿನವರ ಹೆಸರಿನ ಒತ್ತಕ್ಷರ ನನ್ನ ಅಂಗಡಿಯಲ್ಲಿ ಒಡೆದು ಅಚ್ಚಾಗುವುದು ನನಗೆ ಸಹಿಸದು.

ಪಹಣಿ ಸಿಗದೆ ಹೋಗಿದ್ದ ಆ ಹಿರಿಯರು ಮಾರನೆಯ ದಿನ ಮತ್ತೆ ಬಂದಿದ್ದರು. ಕಾಗದ ಕೈಗೆ ಬಂದೊಡನೆ ಹೆಸರು ನೋಡಲಿಲ್ಲ, ಸರ್ವೆ ನಂಬರಿನ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿಕೊಂಡರು. ದುಡ್ಡು ಬೇಡವೆಂದರೂ ಗಲ್ಲಾದ ಮೇಲೆ ಇಟ್ಟೇ ಹೋದರು.

ಇನ್ನೊಂದು ವಿಷಯ ಕಲಿತದ್ದು ಇತ್ತೀಚೆಗೆ. ಪ್ರಿಂಟ್ ಆದ ಮೇಲೆ ಗಿರಾಕಿಯ ಎದುರೇ ಅವರ ಫೈಲನ್ನು ಅಳಿಸುವುದು ನನ್ನ ರೂಢಿ. ಆಧಾರ್ ಆದರೆ, ನಡೆಯುವ ಕಡೆ ಕೊನೆಯ 4 ಅಂಕಿಯಷ್ಟೇ ಕಾಣುವ ಮಾಸ್ಕ್ಡ್ ಆಧಾರ್ ತೆಗೆದುಕೊಡುತ್ತೇನೆ. ಮೊನ್ನೆ ಹಗರೆಯ ಪಿಯುಸಿ ಹುಡುಗಿ, “ಅಕ್ಕಾ, ಟ್ರ್ಯಾಶ್‌ನಲ್ಲಿ ಇನ್ನೂ ಇರುತ್ತೆ, ಅಲ್ಲಿಂದಲೂ ತೆಗೀರಿ” ಅಂದಳು. ತೆರೆದು ನೋಡಿದರೆ ತಿಂಗಳಿಡೀ ಅಳಿಸಿದ್ದ ಮಾರ್ಕ್ಸ್ ಕಾರ್ಡ್‌ಗಳು, ಪಾಸ್‌ಬುಕ್‌ಗಳು, ಫೋಟೋಗಳು, ಎಲ್ಲ ಅಲ್ಲೇ ಇವೆ. ಅವಳನ್ನು ಪಕ್ಕದ ಸ್ಟೂಲಿನ ಮೇಲೆ ಕೂರಿಸಿಕೊಂಡು, ಹೊರಗೆ ನಿಂತವರನ್ನು ಸ್ವಲ್ಪ ಹೊತ್ತು ಕಾಯಲು ಹೇಳಿ, ಎಲ್ಲವನ್ನೂ ಖಾಲಿ ಮಾಡಿದೆ.