ಮೋರಿಯ ಬಾಯಿ ಹಿಡಿಯಿರಿ: ಅಳಿವೆಗೆ ಬೀಳುವ ಗೊಬ್ಬರದ ನೀರು ಮತ್ತು ನಾಗರಿಕರ ಹಕ್ಕು

ಮೃಗಶಿರಾ ಮಳೆ ಹಿಡಿಯಿತೆಂದರೆ ಕುಮಟಾ ಸೀಮೆಯ ಹಳ್ಳಗಳೆಲ್ಲ ಕೆಂಪಗಾಗಿ ಅಘನಾಶಿನಿಯ ಅಳಿವೆಗೆ ಇಳಿಯುತ್ತವೆ. ಮಣ್ಣು ಕಣ್ಣಿಗೆ ಕಾಣುತ್ತದೆ. ಅದರ ಜೊತೆ ಬರುವ ಸಾರಜನಕ, ರಂಜಕ ಕಾಣುವುದಿಲ್ಲ. ತೋಟಕ್ಕೆ ಎರಚಿದ ಯೂರಿಯಾ, ಹೋಂಸ್ಟೇ ಅಂಗಳದ ಹುಲ್ಲಿಗೆ ಹಾಕಿದ ಡಿಎಪಿ, ಬಚ್ಚಲು ನೀರು, ಸೋರುವ ಶೌಚದ ಗುಂಡಿ, ಎಲ್ಲಕ್ಕೂ ಮಳೆಗಾಲದಲ್ಲಿ ಒಂದೇ ದಾರಿ. ನಮ್ಮ ಕರಾವಳಿಯ ಯಾವ ಅಳಿವೆಯ ಕಥೆಯೂ ಇದಕ್ಕಿಂತ ಬೇರೆಯಲ್ಲ. ಈ ನೀರನ್ನು ಪ್ರಶ್ನಿಸುವ ಹಕ್ಕು ದಂಡೆಯ ಮೇಲೆ ಬದುಕುವ ಪ್ರತಿಯೊಬ್ಬರಿಗೂ ಇದೆ. ಆದರೆ ಎಲ್ಲಿ ಹಿಡಿದು ಪ್ರಶ್ನಿಸಬೇಕು ಎಂಬುದು ಗೊತ್ತಿಲ್ಲದೆ ಎಷ್ಟೋ ಅರ್ಜಿಗಳು ಕಡತದಲ್ಲೇ ಉಳಿಯುತ್ತವೆ.

ಮೊದಲು ಲೆಕ್ಕ ನೋಡೋಣ. 45 ಕೆ.ಜಿ.ಯ ಒಂದು ಚೀಲ ಯೂರಿಯಾದಲ್ಲಿ ಶೇ. 46ರಂತೆ 20 ಕೆ.ಜಿ.ಗೂ ಮಿಕ್ಕಿ ಸಾರಜನಕ ಇರುತ್ತದೆ. ಒಂದು ಅಡಿಕೆ ಮರಕ್ಕೆ ವರ್ಷಕ್ಕೆ ಶಿಫಾರಸು ಮಾಡಿರುವುದು 100 ಗ್ರಾಂ ಸಾರಜನಕ, ಅಂದರೆ ಹೆಚ್ಚುಕಡಿಮೆ 217 ಗ್ರಾಂ ಯೂರಿಯಾ. ಅದನ್ನೂ ಎರಡು ಕಂತಿನಲ್ಲಿ ಕೊಡಬೇಕು. ಬೊಗಸೆ ಲೆಕ್ಕದಲ್ಲಿ ಒಮ್ಮೆಗೇ ಹಾಕಿ, ಮರುದಿನ ಜಡಿಮಳೆ ಹೊಡೆದರೆ, ಕರಗಿದ ಯೂರಿಯಾ ಮಣ್ಣಿಗೆ ಅಂಟಿಕೊಳ್ಳದೆ ಬಸಿಗಾಲುವೆ ಸೇರುತ್ತದೆ. ರಂಜಕ ಮಣ್ಣಿನ ಕಣ ಹಿಡಿದುಕೊಂಡು ಹೋಗುತ್ತದೆ. ರೈತನ ದುಡ್ಡೂ ಹೋಯಿತು, ಅಳಿವೆಗೂ ಕೇಡಾಯಿತು.

ಅಳಿವೆಯಲ್ಲಿ ಈ ಪೋಷಕಾಂಶ ಉಂಡು ಪಾಚಿ ಹಬ್ಬುತ್ತದೆ. ಹಗಲು ಆಮ್ಲಜನಕ ಬಿಡುವ ಅದೇ ಪಾಚಿ ರಾತ್ರಿ ಅದನ್ನು ಎಳೆದುಕೊಳ್ಳುತ್ತದೆ. ಸತ್ತು ಕೊಳೆಯುವಾಗ ಇನ್ನಷ್ಟು ಎಳೆಯುತ್ತದೆ. ಮೀನಾದರೆ ಈಜಿ ಬೇರೆ ಕಡೆ ಹೋದೀತು. ಕೆಸರಿನಲ್ಲಿ ಹುದುಗಿದ ಬಳಚು, ಬಂಡೆಗೆ ಅಂಟಿದ ಕಲ್ಗ ಎಂಬ ಚಿಪ್ಪಿಗಳು ಎಲ್ಲಿಗೆ ಹೋಗಬೇಕು? ಇವು ನೀರನ್ನು ಸೋಸಿಯೇ ಹೊಟ್ಟೆ ಹೊರೆಯುವ ಜೀವಿಗಳು. ಗಟಾರದ ರೋಗಾಣು, ವಿಷಪಾಚಿಯ ನಂಜು ಇವುಗಳ ಮೈಯಲ್ಲಿ ಸೇರಿಕೊಳ್ಳುತ್ತದೆ. 1983ರಲ್ಲಿ ಮಂಗಳೂರಿನ ದಕ್ಷಿಣಕ್ಕಿರುವ ಕುಂಬಳೆಯ ಅಳಿವೆಯ ಚಿಪ್ಪಿ ತಿಂದು ಹಲವರು ಆಸ್ಪತ್ರೆ ಸೇರಿದ್ದರು, ಒಬ್ಬ ಹುಡುಗ ತೀರಿಕೊಂಡಿದ್ದ. ಪಾಚಿಯ ನಂಜು ಹುಟ್ಟಲು ಕಾರಣ ಹಲವು, ಎಲ್ಲವನ್ನೂ ಗೊಬ್ಬರದ ತಲೆಗೆ ಕಟ್ಟಲಾಗದು. ಆದರೆ ಇಳಿತದ ಹೊತ್ತಿಗೆ ಸೊಂಟಮಟ್ಟ ನೀರಿನಲ್ಲಿ ನಿಂತು ಚಿಪ್ಪಿ ತೆಗೆಯುವವರ ಪಾಲಿಗೆ ನೀರಿನ ಗುಣವೆಂದರೆ ಅಂದಿನ ಕೂಲಿ, ಮನೆಯವರ ಊಟ.

ಇನ್ನು ಕಾನೂನು. 1985ರ ರಸಗೊಬ್ಬರ ನಿಯಂತ್ರಣ ಆದೇಶ ಗೊಬ್ಬರದ ಗುಣಮಟ್ಟ, ಬೆಲೆ, ಮಾರಾಟವನ್ನು ನೋಡಿಕೊಳ್ಳುತ್ತದೆ. ಚೀಲ ಅಂಗಡಿ ದಾಟಿದ ಮೇಲೆ ಎಷ್ಟು ಎರಚಬೇಕು, ಮಳೆಯ ಮುನ್ನಾದಿನ ಎರಚಬಹುದೇ ಎಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ. ಎರಚುವುದಕ್ಕೂ ಕಾನೂನು ಮಾಡಿದ ಊರು ಬೇರೆಡೆ ಇದೆ. ಅಮೆರಿಕದ ಫ್ಲಾರಿಡಾದಲ್ಲಿ ಸುಮಾರು 250 ಕಿ.ಮೀ. ಉದ್ದದ ಇಂಡಿಯನ್ ರಿವರ್ ಲಗೂನ್ ಎಂಬ ಉಪ್ಪುನೀರಿನ ಹಿನ್ನೀರಿದೆ. 2011ರಲ್ಲಿ ಅಲ್ಲಿ ಪಾಚಿ ವಿಪರೀತ ಹಬ್ಬಿ ಕಡಲಹುಲ್ಲು ನಾಶವಾಗತೊಡಗಿತು. ಆ ಹುಲ್ಲನ್ನೇ ಮೇಯುವ ಮ್ಯಾನಟೀ ಎಂಬ ಜಲಸಸ್ತನಿಗಳು ಮುಂದೆ ಹಸಿವಿನಿಂದ ಸತ್ತವು. 2021ರ ಒಂದೇ ವರ್ಷದಲ್ಲಿ ಆ ರಾಜ್ಯದಲ್ಲಿ ಸತ್ತ ಮ್ಯಾನಟೀಗಳ ಸಂಖ್ಯೆ 1,100 ದಾಟಿತು. ಲಗೂನ್ ದಂಡೆಯ ಬ್ರೆವಾರ್ಡ್ ಕೌಂಟಿಯಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ಮನೆಯಂಗಳದ ಹುಲ್ಲಿಗೆ ಸಾರಜನಕ, ರಂಜಕದ ಗೊಬ್ಬರ ಹಾಕುವುದನ್ನು ಸ್ಥಳೀಯ ಕಾಯ್ದೆಯೇ ನಿಷೇಧಿಸಿದೆ. ನಮ್ಮಲ್ಲಿಯೂ ಅವೇ ತಿಂಗಳು ಮಳೆ ಸುರಿಯುತ್ತದೆ, ಅಂಥ ಕಾಯ್ದೆ ಮಾತ್ರ ಇಲ್ಲ.

ಹಾಗಾದರೆ ದಾರಿ ಇಲ್ಲವೇ? ಇದೆ. ಗದ್ದೆ, ತೋಟ, ಅಂಗಳಗಳಿಂದ ಚದುರಿ ಹರಿಯುವ ನೀರು ಎಲ್ಲೋ ಒಂದು ಕಡೆ ಕೂಡಿಕೊಂಡು, ಗಟಾರವಾಗಿ, ಮೋರಿಯಾಗಿ ಅಳಿವೆಗೆ ಬೀಳಲೇಬೇಕು. ಕಾನೂನಿನ ಹಿಡಿತ ಬಿಗಿಯಾಗಿರುವುದು ಆ ಬಾಯಿಯಲ್ಲಿ. 1974ರ ಜಲ ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ ಕಾಯ್ದೆಯ 24ನೇ ಕಲಂ ಓದಿ ನೋಡಿ. ಮಲಿನ ವಸ್ತು ಹೊಳೆಗಾಗಲಿ, ಚರಂಡಿಗಾಗಲಿ, ನೇರವಾಗಿ ಅಥವಾ ಪರೋಕ್ಷವಾಗಿ ಸೇರುವಂತೆ ತಿಳಿದೂ ಮಾಡಬಾರದು, ತಿಳಿದೂ ಬಿಡಬಾರದು ಎನ್ನುತ್ತದೆ ಅದು. ‘ತಿಳಿದೂ’ ಎಂಬಲ್ಲಿಯೇ ಹೆಚ್ಚಿನವರು ತಪ್ಪಿಸಿಕೊಳ್ಳುತ್ತಾರೆ. ನಮಗೆ ಗೊತ್ತೇ ಇರಲಿಲ್ಲ ಎನ್ನುತ್ತಾರೆ. ಅದಕ್ಕೇ ಬಾಯಿಮಾತಿನ ದೂರು ಸಾಲದು. ಪುರಸಭೆಯ ಮುಖ್ಯಾಧಿಕಾರಿಗೋ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೋ, ರೆಸಾರ್ಟಿನ ಮಾಲೀಕರಿಗೋ ನೋಂದಾಯಿತ ಅಂಚೆಯಲ್ಲಿ ಕಾಗದ ಬರೆದು, ತಲುಪಿದ ರಸೀದಿ ಇಟ್ಟುಕೊಳ್ಳಿ. ಆ ದಿನದಿಂದಾಚೆಗೆ ಅವರು ತಿಳಿದವರೇ.

ಭರತ-ಇಳಿತದ ಪ್ರಭಾವ ಇರುವ ನೀರಿಗೆ ಇನ್ನೊಂದು ರಕ್ಷಣೆಯಿದೆ. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ, ಅಂದರೆ ಸಿಆರ್‌ಝೆಡ್, ಕಡಲ ದಂಡೆಗೆ ಮಾತ್ರ ಎಂದು ಬಹಳ ಮಂದಿ ತಿಳಿದಿದ್ದಾರೆ. ಕಡು ಬೇಸಿಗೆಯಲ್ಲಿ ನೀರಿನ ಉಪ್ಪಿನಂಶ ಸಾವಿರಕ್ಕೆ 5 ಭಾಗ ಇರುವ ತನಕವೂ ಹೊಳೆ ಅದರ ವ್ಯಾಪ್ತಿಯಲ್ಲಿದೆ. ಅಲ್ಲಿಯವರೆಗೆ ದಂಡೆಯ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು ನೆಲವೂ ಸೇರುತ್ತದೆ. ಸಂಸ್ಕರಿಸದ ತ್ಯಾಜ್ಯ ನೀರು ಬಿಡುವುದು ಈ ವಲಯದಲ್ಲಿ ನಿಷಿದ್ಧ. ಉಲ್ಲಂಘನೆ ನೋಡಿಕೊಳ್ಳಲು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಸಮಿತಿ ಇರಬೇಕು, ಅದರಲ್ಲಿ ಮೀನುಗಾರರೂ ಸೇರಿದಂತೆ ಕರಾವಳಿಯ ಸಾಂಪ್ರದಾಯಿಕ ಸಮುದಾಯಗಳ ಕನಿಷ್ಠ 3 ಪ್ರತಿನಿಧಿಗಳು ಇರಬೇಕು. ನಿಮ್ಮ ಜಿಲ್ಲೆಯ ಸಮಿತಿಯಲ್ಲಿ ಆ ಮೂವರು ಯಾರು ಎಂದು ಕೇಳಿ ತಿಳಿದುಕೊಳ್ಳಿ.

4,801 ಹೆಕ್ಟೇರಿನ ಅಘನಾಶಿನಿ ಅಳಿವೆ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂದು 2024ರ ಜನವರಿಯಲ್ಲಿ ಪ್ರಕಟವಾದದ್ದು ಸಂತೋಷದ ಸಂಗತಿ. ಆ ಹೆಸರು ನಮಗೆ ಬಲವೂ ಹೌದು. ರಾಮ್ಸಾರ್ ತಾಣಗಳ ಮೇಲೆ ಆಯಾ ಹೈಕೋರ್ಟುಗಳು ನಿಗಾ ಇಡಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಹೇಳಿದೆ. ಆದರೆ ದೂರು ಬರೆಯುವಾಗ ಒಂದು ಎಚ್ಚರ ಬೇಕು. 2017ರ ಜೌಗು ಪ್ರದೇಶ ನಿಯಮಗಳು ಸಿಆರ್‌ಝೆಡ್ ವ್ಯಾಪ್ತಿಯ ಜಾಗಗಳನ್ನು ಹೊರಗಿಟ್ಟಿವೆ. ರಾಮ್ಸಾರ್ ಹೆಸರೊಂದನ್ನೇ ನೆಚ್ಚಿ ಬರೆದರೆ ‘ಇದು ನಮಗೆ ಬರುವುದಿಲ್ಲ’ ಎಂಬ ಹಿಂಬರಹ ಬಿದ್ದೀತು. ಮೊದಲು ಜಲ ಕಾಯ್ದೆ, ಆಮೇಲೆ ಸಿಆರ್‌ಝೆಡ್, ಕೊನೆಗೆ ರಾಮ್ಸಾರ್, ಈ ಕ್ರಮದಲ್ಲಿ ಬರೆಯಿರಿ.

ಸಾಕ್ಷ್ಯದ ವಿಷಯಕ್ಕೆ ಬರೋಣ, ದೂರು ಗೆಲ್ಲುವುದೂ ಸೋಲುವುದೂ ಇಲ್ಲಿಯೇ. ನಮ್ಮ ಜನ ಸಾಮಾನ್ಯವಾಗಿ ಒಂದು ಬಾಟಲಿಯಲ್ಲಿ ನೀರು ತುಂಬಿಕೊಂಡು ಕಚೇರಿಗೆ ಹೋಗುತ್ತಾರೆ. ಕಾನೂನಿನ ಮುಂದೆ ಆ ಬಾಟಲಿಗೆ ತೂಕ ಕಡಿಮೆ. ಜಲ ಕಾಯ್ದೆಯ 21ನೇ ಕಲಂ ಪ್ರಕಾರ ಮಾದರಿ ತೆಗೆಯಬೇಕಾದವರು ಮಾಲಿನ್ಯ ನಿಯಂತ್ರಣ ಮಂಡಳಿಯವರು. ಜಾಗದ ಹೊಣೆಗಾರರಿಗೆ ನೋಟಿಸು ಕೊಟ್ಟು, ನೀರನ್ನು ಎರಡು ಪಾಲು ಮಾಡಿ, ಮೊಹರು ಹಾಕಿ, ಸಹಿ ಮಾಡಿಸಿ ಕಳಿಸಿದರೆ ಮಾತ್ರ ಆ ವರದಿ ನಿಲ್ಲುತ್ತದೆ. ನಿಮ್ಮ ಕೆಲಸ ಅವರನ್ನು ಸರಿಯಾದ ಜಾಗಕ್ಕೆ, ಸರಿಯಾದ ಹೊತ್ತಿಗೆ ಕರೆಸುವುದು. ಮಳೆ ಬಿಟ್ಟು ವಾರವಾದ ಮೇಲೆ ಬಂದರೆ ನೀರು ತಿಳಿಯಾಗಿರುತ್ತದೆ. ಮೊದಲ ಜೋರು ಮಳೆಯ ದಿನ, ಇಳಿತದ ವೇಳೆಗೆ, ಮೋರಿಯ ಬಾಯಿ ಕಾಣುವಾಗ ಮಾದರಿ ತೆಗೆಯಬೇಕೆಂದು ಕಾಗದದಲ್ಲಿಯೇ ನಮೂದಿಸಿ. ಫೋಟೋ ತೆಗೆಯುವಾಗ ಸೇತುವೆಯೋ, ಗಜನಿ ಎಂಬ ಉಪ್ಪುನೀರಿನ ಗದ್ದೆಯ ಕಟ್ಟೋ, ಬದಲಾಗದ ಒಂದು ಗುರುತು ಚಿತ್ರದಲ್ಲಿರಲಿ. ಮೂಲ ಚಿತ್ರ ಫೋನಿನಲ್ಲೇ ಉಳಿಯಲಿ. ವಾಟ್ಸಾಪಿನಲ್ಲಿ ಹತ್ತು ಕೈ ದಾಟಿದ ಪ್ರತಿಗೆ ಬೆಲೆಯಿಲ್ಲ. ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯದಲ್ಲಿ ಹಾಜರುಪಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ.

ಏನನ್ನು ಪರೀಕ್ಷಿಸಬೇಕೆಂದೂ ಹೇಳಿ. ಒಳನಾಡಿನ ನೀರಿಗೆ ಬಿಡುವ ತ್ಯಾಜ್ಯದಲ್ಲಿ ನೈಟ್ರೇಟ್ ಸಾರಜನಕ ಲೀಟರಿಗೆ 10 ಮಿ.ಗ್ರಾಂ., ಕರಗಿದ ಫಾಸ್ಫೇಟ್ 5 ಮಿ.ಗ್ರಾಂ. ಮೀರಬಾರದೆಂಬುದು ಸಾಮಾನ್ಯ ಮಾನದಂಡ. ಕಡಲ ತೀರದ ನೀರಿಗಾದರೆ ನೈಟ್ರೇಟ್ ಮಿತಿ 20, ಫಾಸ್ಫೇಟಿಗೆ ಮಿತಿಯೇ ಇಲ್ಲ. ಅಳಿವೆಯನ್ನು ಕಡಲೆಂದು ಎಣಿಸಿದರೆ ತಪ್ಪಿತಸ್ಥರಿಗೆ ಅನುಕೂಲವಾಗುತ್ತದೆ. ಆದ್ದರಿಂದ ಯಾವ ಮಾನದಂಡ ಹಿಡಿದು ಅಳೆದಿರಿ ಎಂಬ ಪ್ರಶ್ನೆ ಬಿಡಬೇಡಿ. ಇನ್ನು ಚಿಪ್ಪಿ ತೆಗೆಯುವ, ಉಪ್ಪು ಬೆಳೆಯುವ, ಸೂಕ್ಷ್ಮ ಪರಿಸರದ ತೀರದ ನೀರಿಗೆ ‘ಎಸ್‌ಡಬ್ಲ್ಯೂ-1’ ಎಂಬ ದರ್ಜೆಯೇ ಇದೆ. ಆ ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 5 ಮಿ.ಗ್ರಾಂ.ಗಿಂತ ಕೆಳಗಿಳಿಯಬಾರದು.

ದಾಖಲೆ ಕೈಯಲ್ಲಿ ಇಲ್ಲದಿದ್ದರೆ ಮಾಹಿತಿ ಹಕ್ಕು ಕಾಯ್ದೆ ಇದೆ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಹಾಗಾಗಿ ನೀರು ಯಾಕೆ ಕೆಟ್ಟಿದೆ, ಯಾರು ಹೊಣೆ ಎಂಬಂಥ ಪ್ರಶ್ನೆ ಕೇಳಿ ಪದ ಹಾಳು ಮಾಡಬೇಡಿ, ದಾಖಲೆಯನ್ನೇ ಕೇಳಿ. ‘ಸರ್ವೆ ನಂ. ಇಷ್ಟರಲ್ಲಿರುವ ವಸತಿಗೃಹಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿ ನೀಡಿರುವ ಸಮ್ಮತಿ ಪತ್ರ, ಅದರ ಷರತ್ತುಗಳು, ಕಳೆದ ಎರಡು ವರ್ಷದ ನೀರಿನ ವಿಶ್ಲೇಷಣಾ ವರದಿಗಳ ದೃಢೀಕೃತ ಪ್ರತಿ ಕೊಡಿ’ ಎಂದರೆ ಸಾಕು. ಉತ್ತರ 30 ದಿನದಲ್ಲಿ ಬರಬೇಕು. ಬಾರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗ. ಸಮ್ಮತಿ ಪತ್ರ ಕೈಗೆ ಬಂದ ದಿನ ಅದನ್ನು ಹಿಡಿದುಕೊಂಡು ಜಾಗ ನೋಡಿ ಬನ್ನಿ. ಕಾಗದದಲ್ಲಿರುವ ಸಂಸ್ಕರಣಾ ಘಟಕ ನೆಲದ ಮೇಲೂ ಇದೆಯೇ, ಓಡುತ್ತಿದೆಯೇ?

ಪುರಸಭೆ, ಪಂಚಾಯಿತಿಗಳಲ್ಲಿ ಸಿದ್ಧವಾಗಿರುವ ಉತ್ತರ ‘ಅನುದಾನ ಇಲ್ಲ’. ಅದಕ್ಕೆ ಸುಪ್ರೀಂ ಕೋರ್ಟ್ 1980ರಲ್ಲೇ ಜವಾಬು ಕೊಟ್ಟಿದೆ. ಮಧ್ಯಪ್ರದೇಶದ ರತ್ಲಾಮ್ ಪಟ್ಟಣದ ಒಂದು ವಾರ್ಡಿನ ಜನ ತೆರೆದ ಗಟಾರದ ಕಾಟ ತಾಳಲಾರದೆ ಮ್ಯಾಜಿಸ್ಟ್ರೇಟರ ಬಳಿ ಹೋಗಿದ್ದರು. ದುಡ್ಡಿಲ್ಲ ಎಂದು ನಗರಸಭೆ ಸುಪ್ರೀಂ ಕೋರ್ಟಿನವರೆಗೂ ವಾದಿಸಿತು. ಹಣದ ಕೊರತೆ ಹೇಳಿ ಶಾಸನಬದ್ಧ ಕರ್ತವ್ಯದಿಂದ ನುಣುಚಿಕೊಳ್ಳಲಾಗದು ಎಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಪೀಠ ತೀರ್ಪಿತ್ತಿತು. ಆ ಜನ ಬಳಸಿದ್ದು ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಂ. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಬಂದಿದೆ. ಸಾರ್ವಜನಿಕ ಉಪದ್ರವ ತೆಗೆಸಲು ಉಪವಿಭಾಗದ ಸಹಾಯಕ ಆಯುಕ್ತರಿಗೆ ನೀವೇ ಅರ್ಜಿ ಕೊಡಬಹುದು. ಇಷ್ಟು ಹತ್ತಿರದ, ಇಷ್ಟು ಅಗ್ಗದ ದಾರಿಯನ್ನು ಜನ ಮರೆತಿರುವುದು ಬೇಸರದ ಸಂಗತಿ.

ಮಂಡಳಿ ಸುಮ್ಮನೆ ಕೂತರೆ ಜಲ ಕಾಯ್ದೆಯ 49ನೇ ಕಲಮಿನಡಿ 60 ದಿನಗಳ ನೋಟಿಸು ಕೊಟ್ಟು ನೀವೇ ನ್ಯಾಯಾಲಯಕ್ಕೆ ದೂರು ಒಯ್ಯಬಹುದು. ನೋಟಿಸಿನಲ್ಲಿ ಅಪರಾಧ ಯಾವುದು, ದೂರು ಹೂಡುವ ಉದ್ದೇಶ ಇದೆ ಎಂಬೆರಡೂ ಸ್ಪಷ್ಟವಾಗಿರಬೇಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಾರಿ ಬೇರೆ. ಕರ್ನಾಟಕಕ್ಕೆ ಚೆನ್ನೈನ ದಕ್ಷಿಣ ವಲಯ ಪೀಠ. ಪರಿಹಾರಧನ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ, ವಕೀಲರಿಲ್ಲದೆಯೂ ವಾದಿಸಬಹುದು. ಆದರೆ ಕಾಲಮಿತಿ ಬಿಗಿ. ವಿವಾದದ ಕಾರಣ ಮೊದಲು ಹುಟ್ಟಿದ ದಿನದಿಂದ 6 ತಿಂಗಳು, ಸಕಾರಣವಿದ್ದರೆ ಇನ್ನು 60 ದಿನ. ಚಿಪ್ಪಿ ಸತ್ತು ಆದ ನಷ್ಟಕ್ಕೆ ಪರಿಹಾರ, ಅಳಿವೆಯ ಪುನಶ್ಚೇತನ ಕೇಳುವುದಾದರೆ 5 ವರ್ಷ. ‘ಮುಂದಿನ ಮಳೆಗಾಲ ನೋಡೋಣ’ ಎಂದು ಕೂತವರು 6 ತಿಂಗಳ ಗಡುವನ್ನು ಕಳೆದುಕೊಳ್ಳುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೂ, ಪಕ್ಕದ ಮನೆಯ ಅರ್ಧ ಎಕರೆ ತೋಟದವರ ಮೇಲೆ ದೂರು ಬರೆಯಿರಿ ಎಂದು ನಾನು ಹೇಳಲಾರೆ. ಅವರ ಜೊತೆ ಮಾತಾಡಬೇಕಾದ ಜಾಗ ಗ್ರಾಮಸಭೆ. ಜೂನ್‌ಗೆ ಮೊದಲೇ ಸಭೆ ಸೇರಿ, ಮಣ್ಣಿನ ಆರೋಗ್ಯ ಚೀಟಿ ನೋಡಿಯೇ ಗೊಬ್ಬರ ಹಾಕುವುದು, ಮಳೆಯ ಮುನ್ಸೂಚನೆ ಇರುವ ದಿನ ಹಾಕದಿರುವುದು, ಬಸಿಗಾಲುವೆ ಹೊಳೆ ಸೇರುವಲ್ಲಿ ಹುಲ್ಲಿನ ಪಟ್ಟಿ ಉಳಿಸುವುದು, ದಂಡೆಯ ಕಾಂಡ್ಲಾ ಗಿಡ ಕಡಿಯದಿರುವುದು ಇವನ್ನು ನಿರ್ಣಯವಾಗಿ ಬರೆಸಬಹುದು. ಆ ನಿರ್ಣಯದ ಪ್ರತಿ ರೈತ ಸಂಪರ್ಕ ಕೇಂದ್ರಕ್ಕೂ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೂ ಹೋಗಲಿ. ಉಪ್ಪುನೀರು ತಾಳಿಕೊಂಡು, ಚೀಲದ ಗೊಬ್ಬರದ ಹಂಗಿಲ್ಲದೆ ಬೆಳೆಯುವ ಕಗ್ಗ ಭತ್ತ ನಮ್ಮ ಗಜನಿಗಳಲ್ಲಿ ಇನ್ನೂ ಉಳಿದಿದೆ. ಅದನ್ನು ಬೆಳೆಯುವವರ ಹೆಸರು ಆ ಸಮಿತಿಯ ದಾಖಲಾತಿಯಲ್ಲಿ ಇರಬೇಕು.

ವಕೀಲರ ಖರ್ಚಿಗೆ ಹೆದರಬೇಕಾಗಿಲ್ಲ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100. ನೈರ್ಮಲ್ಯ ವ್ಯವಸ್ಥೆ ‘ಸಾರ್ವಜನಿಕ ಉಪಯುಕ್ತ ಸೇವೆ’ಯ ಪಟ್ಟಿಯಲ್ಲಿ ಇರುವುದರಿಂದ ಗಟಾರದ ತಕರಾರನ್ನು ಖಾಯಂ ಜನತಾ ನ್ಯಾಯಾಲಯಕ್ಕೂ ಒಯ್ಯಬಹುದು. ಒಮ್ಮೆ ಅಲ್ಲಿ ಅರ್ಜಿ ಹಾಕಿದರೆ ಅದೇ ವಿವಾದಕ್ಕೆ ಬೇರೆ ನ್ಯಾಯಾಲಯಕ್ಕೆ ಹೋಗುವಂತಿಲ್ಲ. ಹಾಗಾಗಿ ಎಲ್ಲಿ ಹೂಡಬೇಕೆಂಬುದನ್ನು ತಾಲ್ಲೂಕು ಕಾನೂನು ಸೇವೆಗಳ ಸಮಿತಿಯ ವಕೀಲರೊಡನೆ ಕೂತು ಮೊದಲೇ ತೀರ್ಮಾನಿಸಿ, ಹೋಗುವಾಗ ಅಂಚೆ ರಸೀದಿಗಳ ಕಟ್ಟು ಜೊತೆಗಿರಲಿ.